ಬೈಲು ಮಾರುವ ಮೊದಲು ಒಂದು ಮಾತು...

ಕಳೆದ ಆದಿತ್ಯವಾರ ಬೆಳಿಗ್ಗೆ ಊರಿನಿಂದ ಅಪ್ಪನ ಫೋನು. ಊಟ ಆಯ್ತಾ, ಅಲ್ಲಿ ಮಳೆ ಉಂಟಾ, ರಜೆ ಯಾವಾಗ ಎಂದು ಮೂರೇ ಪ್ರಶ್ನೆಯಲ್ಲಿ ಮುಗಿಯುವ ಮಾತು ಈ ಸಲ ಮುಗಿಯಲಿಲ್ಲ.

"ದೊಡ್ಡಪ್ಪ ಬೈಲು ಗದ್ದೆಗೆ ಒಂದು ಪಾರ್ಟಿ ತಂದಿದ್ದಾರೆ. ಮಣ್ಣು ತುಂಬಿಸಿ ಸೈಟು ಮಾಡ್ತಾರಂತೆ. ರೇಟು ಒಳ್ಳೆದುಂಟು. ನಿನ್ನದೂ ಒಂದು ಸಹಿ ಬೇಕು."

"ನಿಮಗೆ ಏನನ್ನಿಸ್ತದೆ ಅಪ್ಪ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆ ಎಂತ ಅನ್ನಿಸಿದ್ರೂ ಗದ್ದೆಗೆ ಇಳಿಯುವವರು ಯಾರು ಹೇಳು? ನೀನು ಬರ್ತಿಯಾ?"

ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಬರ್ತೇನೆ, ಕೂತು ಮಾತಾಡುವ ಎಂದು ಫೋನಿಟ್ಟೆ. ಆವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನೆಲ್ಲ ಇಲ್ಲಿ ಬರೆದು ಹಾಕುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕಾಫಿ ಮಾಡಿಕೊಂಡು ಬಂದು ಓದಿ :-)

ಮೊದಲು ಉಡುಪಿ ಕಡೆಯವರಲ್ಲದ ಗೆಳೆಯರಿಗೆ ಒಂದು ವಿವರಣೆ. ನಮ್ಮ ಕರಾವಳಿಯಲ್ಲಿ 'ಬಯಲು' ಅಂದರೆ ಬಯಲುಸೀಮೆಯ ಹಾಗೆ ಕಣ್ಣು ಹಾಯಿಸಿದಷ್ಟೂ ದೂರದ ನೆಲ ಅಲ್ಲ. ಇಲ್ಲಿ ನೆಲವೆಲ್ಲ ಗುಡ್ಡ, ಕಣಿವೆ, ಮತ್ತೆ ಗುಡ್ಡ. ಎರಡು ಗುಡ್ಡಗಳ ನಡುವೆ ತೋಡೋ ಹೊಳೆಯೋ ಹರಿಯುವ ತಗ್ಗಿನ ಗದ್ದೆಗಳ ಸಾಲು 'ಬೈಲು'. ಅದರಿಂದ ಸ್ವಲ್ಪ ಮೇಲೆ, ಗುಡ್ಡದ ಇಳಿಜಾರಿನ ಬುಡದಲ್ಲಿರುವುದು 'ಮಜಲು'. ಇನ್ನೂ ಮೇಲೆ, ಮಳೆಯ ನೀರನ್ನೇ ನಂಬಿಕೊಂಡಿರುವುದು 'ಬೆಟ್ಟು'. ಬೆಟ್ಟಿನಲ್ಲಿ ಮಳೆಗಾಲದ ಏಣೆಲು ಬೆಳೆ ಒಂದೇ. ಮಜಲಿನಲ್ಲಿ ಏಣೆಲು, ಅದಾದ ಮೇಲೆ ಸುಗ್ಗಿ. ಬೈಲಿನಲ್ಲಿ ನೀರು ಚೆನ್ನಾಗಿದ್ದರೆ ಇವೆರಡರ ಮೇಲೆ ಕೊಳಕೆ ಎಂಬ ಮೂರನೆಯ ಭತ್ತವೂ ಆಗುತ್ತಿತ್ತು.

ಈ ವಿಂಗಡಣೆ ನಿನ್ನೆ ಮೊನ್ನೆಯದಲ್ಲ. ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯವರು ಹೊಸದಾಗಿ ಕೈಗೆ ಬಂದ ಸೀಮೆಯನ್ನು ನೋಡಿಕೊಂಡು ಬಾ ಎಂದು ಕಳಿಸಿದ್ದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಕೆನರಾದಲ್ಲೆಲ್ಲ ತಿರುಗಾಡಿದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಹೆಸರುಗಳೂ ಅವನ ವಕ್ರ ಸ್ಪೆಲ್ಲಿಂಗಿನಲ್ಲಿ ಇವೆ. ನಮ್ಮ ಮುರಕಲ್ಲಿಗೆ 'ಲ್ಯಾಟರೈಟ್' ಎಂದು ಜಗತ್ತಿಗೆಲ್ಲ ಹೆಸರು ಕೊಟ್ಟವನೂ ಅವನೇ. ಅಂದರೆ ಮಣ್ಣಿನ ವಿಜ್ಞಾನ ಅನ್ನುವುದು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮವರು ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದೊಂದನ್ನೇ ನೋಡಿ ನೆಲವನ್ನು ವಿಂಗಡಿಸಿದ್ದರು. ನನಗೆ ಈಗ ಅನ್ನಿಸುವುದು, ಅದಕ್ಕಿಂತ ಒಳ್ಳೆಯ ಅಳತೆ ಇನ್ನೊಂದಿಲ್ಲ.

ಚಿಕ್ಕಂದಿನಲ್ಲಿ ನಮಗೆ ಬೈಲು ಅಂದರೆ ಕಾಲು ಹೂತು ಹೋಗುವ ಜಾಗ. ಬೆಟ್ಟು ಗದ್ದೆಯ ಮಣ್ಣು ಕೆಂಪು, ಅದರಲ್ಲಿ ಮುರಕಲ್ಲಿನ ಹರಳು. ಬೈಲಿನದ್ದು ಬೂದು ಬಣ್ಣ, ಆಳಕ್ಕೆ ಹೋದ ಹಾಗೆ ನೀಲಿ ಛಾಯೆ, ಬೆಣ್ಣೆಯ ಹಾಗೆ ನುಣುಪು, ಒಂಥರಾ ಕೊಳೆತ ಮೊಟ್ಟೆಯ ವಾಸನೆ. ಒಂದೇ ಗುಡ್ಡದ ಮಣ್ಣು ತೊಳೆದು ಕೆಳಗೆ ಬಂದದ್ದು, ಮತ್ತೆ ಬಣ್ಣ ಯಾಕೆ ಬೇರೆ ಎಂದು ಆಗ ಕೇಳಿದ್ದರೆ "ಅದು ಹಾಗೇ" ಅನ್ನುವ ಉತ್ತರ ಸಿಗುತ್ತಿತ್ತು. ಇಂಜಿನಿಯರಿಂಗ್ ಓದುವಾಗಲೂ ಯಾರೂ ಹೇಳಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಓದಿ ತಿಳಿದುಕೊಂಡದ್ದು ಇಷ್ಟು.

ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ನೀರು ತುಂಬಿದಾಗ ಆ ಗಾಳಿ ಹೊರಗೆ ಹೋಗುತ್ತದೆ. ಉಳಿದ ಅಷ್ಟಿಷ್ಟು ಆಮ್ಲಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲಿ ಮುಗಿಸಿಬಿಡುತ್ತವೆ. ಆಮೇಲೂ ಅವುಗಳಿಗೆ ಉಸಿರಾಡಬೇಕಲ್ಲ? ಆಮ್ಲಜನಕದ ಬದಲಿಗೆ ಮೊದಲು ನೈಟ್ರೇಟನ್ನು ಹಿಡಿಯುತ್ತವೆ, ಅದು ಮುಗಿದರೆ ಮ್ಯಾಂಗನೀಸು, ಆಮೇಲೆ ಕಬ್ಬಿಣ, ಆಮೇಲೆ ಗಂಧಕ, ಕೊನೆಗೆ ಮೀಥೇನ್ ಹೊರಬೀಳುವ ಹಂತ. ಮಣ್ಣಿಗೆ ಕೆಂಪು ಬಣ್ಣ ಕೊಡುವುದು ತುಕ್ಕು ಹಿಡಿದ ಕಬ್ಬಿಣ. ಆ ತುಕ್ಕು ಬಿಟ್ಟುಹೋಗಿ ಕಬ್ಬಿಣ ನೀರಿನಲ್ಲಿ ಕರಗಿದರೆ ಉಳಿಯುವುದು ಬೂದು ಬಣ್ಣ. ಮೊಟ್ಟೆಯ ವಾಸನೆ ಗಂಧಕದ್ದು. ಮಣ್ಣಿನ ವಿಜ್ಞಾನಿಗಳು ಇಂತಹ ಮಣ್ಣನ್ನು 'ಗ್ಲೇ' ಅನ್ನುತ್ತಾರೆ. ಆ ಹೆಸರು ಬಂದದ್ದು ರಷ್ಯಾ ಕಡೆಯ ಹಳ್ಳಿಗರ ಮಾತಿನಿಂದ. ಅಲ್ಲೂ ಅದು ಅಂಟು ಮಣ್ಣಿಗೆ ರೈತರು ಇಟ್ಟ ಹೆಸರೇ!

ಬೈಲು ಗದ್ದೆಯ ಒಂದು ಹೆಂಟೆ ಒಡೆದು ನೋಡಿ. ಬೂದು ಮಣ್ಣಿನ ಮಧ್ಯೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಅವು ಹಳೆಯ ಭತ್ತದ ಬೇರುಗಳ ದಾರಿ. ಭತ್ತದ ಗಿಡದ ಒಳಗೆ ಗಾಳಿಯ ಕೊಳವೆಗಳಿವೆ, ಎಲೆಯಿಂದ ಬೇರಿನ ತನಕ ಉಸಿರು ಕೊಂಡುಹೋಗುತ್ತವೆ. ಬೇರಿನಿಂದ ಸೋರಿದ ಆಮ್ಲಜನಕ ಸುತ್ತಲಿನ ಕಬ್ಬಿಣವನ್ನು ಮತ್ತೆ ತುಕ್ಕು ಹಿಡಿಸುತ್ತದೆ. ಗಿಡ ಸತ್ತು ಎಷ್ಟು ಕಾಲವಾದರೂ ಅದು ಉಸಿರಾಡಿದ ಗುರುತು ಮಣ್ಣಿನಲ್ಲಿ ಹಾಗೇ ಉಳಿದಿರುತ್ತದೆ. ತೆಂಗು, ಅಡಿಕೆ, ಮಾವು, ಹಲಸಿಗೆ ಈ ವಿದ್ಯೆ ಗೊತ್ತಿಲ್ಲ. ಬೈಲಿನಲ್ಲಿ ಭತ್ತವೇ ಯಾಕೆ ಅಂದರೆ ಇದಕ್ಕೇ.

ಅದಕ್ಕೊಂದು ಲಾಭವೂ ಇದೆ. ನಮ್ಮ ಗುಡ್ಡದ ಮಣ್ಣು ಹುಳಿ ಮಣ್ಣು, ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಟ್ಟುಕೊಡದು. ನೀರು ನಿಂತ ಕೆಲವು ವಾರಗಳಲ್ಲಿ ಹುಳಿ ತಾನಾಗಿ ಕಡಿಮೆಯಾಗುತ್ತದೆ, ರಂಜಕವೂ ಸಡಿಲವಾಗುತ್ತದೆ. ಕಳೆಯೂ ಕಡಿಮೆ. ಹಾಗೆಂದು ಎಲ್ಲವೂ ಸುಖವಲ್ಲ. ಗುಡ್ಡದ ಬುಡದಿಂದ ಒಸರು ಬರುವ ಕಡೆ ಗದ್ದೆಯ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪದರ, ಅಡಿಯಲ್ಲಿ ಕೆಂಪು ಗಸಿ ಕಾಣುತ್ತದೆ. ಅದು ಎಣ್ಣೆಯಲ್ಲ, ಮುರಕಲ್ಲಿನಿಂದ ಕರಗಿ ಬಂದ ಕಬ್ಬಿಣ. ಅದು ಹೆಚ್ಚಾದರೆ ಭತ್ತದ ಎಲೆಗೆ ತುದಿಯಿಂದ ಕಂದು ಚುಕ್ಕೆ ಬಂದು ಗಿಡ ಕುಳ್ಳಾಗಿಬಿಡುತ್ತದೆ. ಔಷಧಿ ಅಂಗಡಿಗೆ ಓಡಿದರೆ ರೋಗಕ್ಕೆ ಎಂದು ಏನೋ ಸಿಂಪಡಿಸಲು ಕೊಡುತ್ತಾರೆ. ನಿಜವಾಗಿ ಬೇಕಾದ್ದು ಸುಣ್ಣ, ಪೊಟ್ಯಾಷು ಮತ್ತು ಗುಡ್ಡದ ಬದಿಯಲ್ಲಿ ಒಂದು ಕಣಿ ತೆಗೆದು ಒಸರಿನ ನೀರನ್ನು ಪಕ್ಕಕ್ಕೆ ತಿರುಗಿಸುವುದು. ನಮ್ಮ ಅಜ್ಜ ಗುಡ್ಡದ ಅಂಚಿನ ಕಣಿಯನ್ನು ಪ್ರತಿ ವರ್ಷ ಪತ್ತನಾಜೆಯ ಮೊದಲು ಬಿಡಿಸುತ್ತಿದ್ದರಂತೆ. ಅಪ್ಪನ ಕಾಲದಲ್ಲಿ ಅದು ಎರಡು ಮೂರು ವರ್ಷಕ್ಕೊಮ್ಮೆ ಆಯಿತು. ಈಗ ಕಣಿ ಎಲ್ಲಿತ್ತು ಎಂದು ಹುಡುಕಬೇಕು.

ಬೈಲಿನ ಬೇರೆ ಉಪಯೋಗಗಳನ್ನೂ ನೋಡಿ. ಕಂಬಳ ನಡೆಯುತ್ತಿದ್ದದ್ದು ವರ್ಷವಿಡೀ ಕೆಸರು ಆರದ ಬೈಲಿನ ದೊಡ್ಡ ಗದ್ದೆಯಲ್ಲಿ. ಈಗ ಕಾರ್ಕಳದ ಮಿಯ್ಯಾರಿನಲ್ಲಾಗಲಿ ನಮ್ಮ ಕಟಪಾಡಿಯಲ್ಲಾಗಲಿ ಜೋಡುಕರೆಗಳನ್ನು ಅದಕ್ಕೆಂದೇ ಕಟ್ಟಿ ನೀರು ಬಿಡುತ್ತಾರೆ, ಆದರೆ ಮೂಲ ಗದ್ದೆಯದ್ದೇ. ಕಟಪಾಡಿಯ ಪಕ್ಕದ ಮಟ್ಟುವಿನಲ್ಲಿ ಏಣೆಲು ಕೊಯ್ದ ಗದ್ದೆಯಲ್ಲೇ ಗುಳ್ಳ ಬೆಳೆಯುತ್ತಾರೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅದೇ ಮಟ್ಟುಗುಳ್ಳ. ಅಲ್ಲಿಯದ್ದು ಹೊಳೆ ಮತ್ತು ಸಮುದ್ರದ ನಡುವಿನ ಮರಳು ಬೆರೆತ ತಗ್ಗು. ಗದ್ದೆ ಆರುವ ಹೊತ್ತಿಗೆ ಸರಿಯಾಗಿ ಸಸಿ ನೆಡಬೇಕು. ಅಕಾಲದಲ್ಲಿ ಮಳೆ ಬಂದು ನೀರು ನಿಂತರೆ ಬುಡ ಕೊಳೆತು ಎಲ್ಲ ಹೋಯಿತು, ಬೇಸಗೆಯಲ್ಲಿ ಹೊಳೆಯ ಉಪ್ಪು ನೀರು ನುಗ್ಗಿದರೂ ಹೋಯಿತು. ಅಲ್ಲಿಂದ ಸ್ವಲ್ಪವೇ ಒಳಗೆ ಶಂಕರಪುರಕ್ಕೆ ಹೋದರೆ ಮಲ್ಲಿಗೆಯ ಊರು. ಮಲ್ಲಿಗೆಗೆ ಬುಡದಲ್ಲಿ ನೀರು ನಿಂತರೆ ಆಗದು, ಅದಕ್ಕೆ ಎತ್ತರದ ಕೆಂಪು ಮಣ್ಣು. ಒಂದು ಸೈಕಲ್ಲು ತುಳಿಯುವಷ್ಟು ದೂರದಲ್ಲಿ ಎರಡು ಬೆಳೆ, ಎರಡಕ್ಕೂ ದೇಶದಲ್ಲೆಲ್ಲ ಹೆಸರು. ನೀರು ನಿಲ್ಲುವ ನೆಲ ಯಾವುದು, ಬಸಿದುಹೋಗುವ ನೆಲ ಯಾವುದು ಎಂದು ನೋಡಿಕೊಂಡು ಬದುಕಿದ್ದರ ಫಲ ಅದು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾದದ್ದು. ಉಡುಪಿಯಲ್ಲಿ ಕುಚ್ಚಲಕ್ಕಿ ಉಣ್ಣುವವರಿಗೆಲ್ಲ ಎಂಒ4 ಗೊತ್ತು. ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವ ತಳಿ ಅದೇ. ಅದರ ಮೂಲ ಕೇರಳದ ಮಂಕೊಂಬು ಎಂಬ ಊರಿನ ಭತ್ತ ಸಂಶೋಧನಾ ಕೇಂದ್ರ, ಅಲ್ಲಿ ಅದರ ಹೆಸರು 'ಭದ್ರ'. ಮಂಕೊಂಬು ಇರುವುದು ಕುಟ್ಟನಾಡಿನಲ್ಲಿ, ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಸೀಮೆಯಲ್ಲಿ. ನೀರಿನಲ್ಲೇ ಬದುಕುವ ಊರಿನ ತಳಿ ನಮ್ಮ ಬೈಲಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಈಗ ನಮ್ಮ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ 'ಸಹ್ಯಾದ್ರಿ ಪಂಚಮುಖಿ' ಎಂಬ ಕೆಂಪಕ್ಕಿ ತಳಿಯನ್ನು ಕೊಟ್ಟಿದ್ದಾರೆ, ತಗ್ಗು ಗದ್ದೆಗೆಂದೇ. ಅಂದರೆ ವಿಜ್ಞಾನ ಬೈಲನ್ನು ಬಿಟ್ಟಿಲ್ಲ. ಬಿಡುತ್ತಿರುವವರು ನಾವು.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಬೈಲಿನಲ್ಲಿ ನಾನು ಪ್ರೈಮರಿ ಶಾಲೆಗೆ ಹೋಗುವಾಗ ಎಲ್ಲ ಗದ್ದೆಯಲ್ಲೂ ಭತ್ತ ಇತ್ತು. ಈಗ ಅರ್ಧ ಹಡಿಲು ಬಿದ್ದಿದೆ. ಹುಲ್ಲು ಎದೆಯೆತ್ತರ. ಇನ್ನು ಕಾಲು ಭಾಗದಲ್ಲಿ ಉದ್ದಕ್ಕೆ ಕಣಿ ತೆಗೆದು, ಮಣ್ಣು ಏರಿಸಿ ಅಡಿಕೆ ಇಟ್ಟಿದ್ದಾರೆ. ಮೇಲಿನ ತಿರುವಿನಲ್ಲಿ ಒಬ್ಬರು ಮೂರು ವರ್ಷದ ಹಿಂದೆ ಐದಡಿ ಮಣ್ಣು ತುಂಬಿಸಿ ಮನೆ ಕಟ್ಟಿದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ, ಗದ್ದೆ ಅವರದ್ದು, ಕಾಗದ ಪತ್ರ ಎಲ್ಲ ಸರಿ ಇದೆ. ಆದರೆ ತೋಡಿಗೆ ಇದ್ದ ಎಂಟಡಿ ಅಗಲದ ದಾರಿಯಲ್ಲಿ ಈಗ ಎರಡಡಿಯ ಮೋರಿ. ಆ ವರ್ಷದಿಂದ ಅವರ ಮನೆಗಿಂತ ಮೇಲಿನ ಗದ್ದೆಗಳಲ್ಲಿ ಜುಲೈಯಲ್ಲಿ ನೇಜಿ ವಾರಗಟ್ಟಲೆ ಮುಳುಗುತ್ತದೆ, ಕೆಳಗಿನ ನಮ್ಮ ಗದ್ದೆಗೆ ಡಿಸೆಂಬರಿನಲ್ಲಿ ಕಟ್ಟ ಕಟ್ಟಿದರೂ ನೀರು ಸಾಲದೆ ಸುಗ್ಗಿ ಬೆಳೆ ನಿಂತೇ ಹೋಯಿತು. ಒಬ್ಬರು ತುಂಬಿಸಿದ್ದಕ್ಕೆ ಮೇಲಿನವರಿಗೆ ನೀರು ಹೆಚ್ಚು, ಕೆಳಗಿನವರಿಗೆ ಕಡಿಮೆ!

ಇಲ್ಲೇ ಇರುವುದು ನೋಡಿ ತೊಂದರೆಯ ಬುಡ. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ನೆಲ ಸಿಕ್ಕಿತು. ನಮ್ಮ ಅಜ್ಜನಿಗೂ ಸಿಕ್ಕಿದ್ದು ಹಾಗೆಯೇ, ಅದು ಆಗಬೇಕಾದ ನ್ಯಾಯವೇ ಆಗಿತ್ತು. ಆದರೆ ಕಾಗದದಲ್ಲಿ ಬೈಲು ಸರ್ವೆ ನಂಬರುಗಳಾಗಿ ಹರಿದು ಹಂಚಿಹೋಯಿತು, ನೀರು ಮಾತ್ರ ಹಂಚಿಹೋಗಲಿಲ್ಲ. ಗದ್ದೆ ನಮ್ಮದಿರಬಹುದು, ನೀರು ಬೈಲಿನದ್ದು. ಮೊದಲಾದರೆ ಕಟ್ಟ ಕಟ್ಟಲು, ತೋಡಿನ ಹೂಳು ತೆಗೆಯಲು ಎಲ್ಲ ಮನೆಯವರು ಒಂದು ದಿನ ಸೇರುತ್ತಿದ್ದರು. ಈಗ ಸೇರುವುದು ಮದುವೆಗೆ ಮತ್ತು ಬೊಜ್ಜಕ್ಕೆ ಮಾತ್ರ.

ಬೈಲು ತುಂಬಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಫ್ಟ್‌ವೇರಿನವರ ಬುದ್ಧಿಯಂತೆ ಒಂದು ಲೆಕ್ಕ ಮಾಡಿದೆ. ಒಂದು ಎಕರೆ ಅಂದರೆ 4047 ಚದರ ಮೀಟರು. ಗದ್ದೆಯ ಪುಣಿ ಹದಿನೈದು ಸೆಂಟಿಮೀಟರು ನೀರು ಹಿಡಿಯುತ್ತದೆ ಎಂದುಕೊಳ್ಳಿ. ಆಗುವುದು ಸುಮಾರು 6 ಲಕ್ಷ ಲೀಟರು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬರುವ 12,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ 50 ಟ್ಯಾಂಕರು. ಇದು ಒಂದು ಎಕರೆಗೆ, ಒಂದು ಸಲಕ್ಕೆ. ನೂರು ಎಕರೆಯ ಒಂದು ಸಾಧಾರಣ ಬೈಲು ಒಂದು ಜಡಿಮಳೆಯಲ್ಲಿ 6 ಕೋಟಿ ಲೀಟರು ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ವರ್ಷಕ್ಕೆ ನಾಲ್ಕು ಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮ ಕೋಡಿನಲ್ಲಿ ಬಫರು ತೆಗೆದುಹಾಕಿದರೆ ಏನಾಗುತ್ತದೆ ಎಂದು ಪ್ರೊಡಕ್ಷನ್ನಿನಲ್ಲಿ ಕೈ ಸುಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ :-)

ಇನ್ನು ಅದೇ ಎಕರೆಯನ್ನು ಐದಡಿ ಏರಿಸಲು ಆರು ಸಾವಿರ ಘನ ಮೀಟರಿಗೂ ಹೆಚ್ಚು ಮಣ್ಣು ಬೇಕು. ಹತ್ತು ಘನ ಮೀಟರಿನ ಟಿಪ್ಪರಿನಲ್ಲಿ ತಂದರೂ 600 ಲೋಡು. ಆ ಮಣ್ಣು ಆಕಾಶದಿಂದ ಬೀಳುವುದಿಲ್ಲ, ಇನ್ನೊಂದು ಗುಡ್ಡ ಕಡಿಯಬೇಕು. ಮಳೆ ನೀರನ್ನು ಕುಡಿದು ಫೆಬ್ರವರಿ ತನಕ ಒಸರಾಗಿ ಬಿಡುತ್ತಿದ್ದ ಗುಡ್ಡವೂ ಹೋಯಿತು, ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಬೈಲೂ ಹೋಯಿತು. ಆಮೇಲೆ ಮಾರ್ಚಿನಲ್ಲಿ ಬಾವಿ ಬತ್ತಿತು ಎಂದು ಬೋರು ಕೊರೆಸುವುದು, ಪಂಚಾಯತಿಗೆ ಹೋಗಿ ಟ್ಯಾಂಕರ್ ಕಳಿಸಿ ಎಂದು ಗಲಾಟೆ ಮಾಡುವುದು!

ಕತೆಯಲ್ಲ ಇದು. 2020ರ ಸೆಪ್ಟೆಂಬರ್ 20, ಆದಿತ್ಯವಾರ ಉಡುಪಿಯಲ್ಲಿ ಇದ್ದವರನ್ನು ಕೇಳಿ. ರಾತ್ರಿಯಿಡೀ ಸುರಿದ ಮಳೆಗೆ ಬೆಳಿಗ್ಗೆ ಕಲ್ಸಂಕ, ಬೈಲಕೆರೆ, ಬನ್ನಂಜೆ, ಮೂಡನಿಡಂಬೂರು ಎಲ್ಲ ನೀರಿನಲ್ಲಿ. ದೋಣಿಯಲ್ಲಿ ಜನರನ್ನು ಸಾಗಿಸಿದರು. ಮಣಿಪಾಲದ ಗುಡ್ಡದ ಬುಡದಿಂದ ಇಂದ್ರಾಳಿ, ಕಲ್ಸಂಕ ದಾಟಿ ಮಲ್ಪೆಯ ಕಡೆಗೆ ಹೋಗುವ ಇಂದ್ರಾಣಿ ತೋಡಿನ ಎರಡೂ ಬದಿ ಒಂದು ಕಾಲಕ್ಕೆ ಗದ್ದೆ. ಮೇಲೆ ಮಣಿಪಾಲ 1953ರಲ್ಲಿ ಕೆಎಂಸಿ ಶುರುವಾಗುವ ಮೊದಲು ಬೋಳು ಗುಡ್ಡ, ಈಗ ಕಾಂಕ್ರೀಟು. ಗುಡ್ಡದ ಮೇಲೆ ಬಿದ್ದ ನೀರು ಇಂಗದೆ ಇಳಿಯುತ್ತದೆ, ಕೆಳಗೆ ನಿಲ್ಲಲು ಗದ್ದೆಯಿಲ್ಲ, ತೋಡಿಗೆ ಅಗಲವಿಲ್ಲ. ಬೈಲಕೆರೆ ಎಂಬ ಹೆಸರನ್ನೇ ನೋಡಿ, ಬೈಲೂ ಉಂಟು, ಕೆರೆಯೂ ಉಂಟು. ಆ ಹೆಸರಿಟ್ಟವರು ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕಿತ್ತು ಮಾರಾಯ್ರೆ? ಆವತ್ತು 'ಬೆಟ್ಟು' ಎಂಬ ಹೆಸರಿರುವ ಮಠದಬೆಟ್ಟಿಗೂ ನೀರು ನುಗ್ಗಿತು. ಬೈಲಿನಲ್ಲಿ ಜಾಗ ಸಿಗದ ನೀರು ಬೆಟ್ಟಿಗೆ ಏರಿತು, ಅಷ್ಟೇ.

ಬೆಂಗಳೂರಿನಲ್ಲಿರುವ ನಾವೂ ನಗುವ ಹಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಐಟಿಯವರು ಟ್ರಾಕ್ಟರಿನಲ್ಲಿ ಕೂತು ಆಫೀಸಿಗೆ ಹೋದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಕೆರೆಯ ಕೋಡಿ, ರಾಜಕಾಲುವೆ ಎಂದು ಅಲ್ಲಿ ಹೆಸರು ಬೇರೆ, ಸಂಗತಿ ಒಂದೇ.

ಇಷ್ಟು ಬರೆಯುವಾಗಲೇ ನನಗೆ ದೊಡ್ಡಪ್ಪನ ದನಿ ಕೇಳಿಸುತ್ತಿದೆ. "ನೀನು ಎಸಿಯಲ್ಲಿ ಕೂತು ಬರೆಯುವುದು ಸುಲಭ ಮಾರಾಯ. ಗದ್ದೆಗೆ ಇಳಿಯುವವ ಯಾರು?" ಅವರ ಮಾತಿನಲ್ಲಿ ಸತ್ಯ ಇದೆ. ನೆಡುವವರು ಸಿಗುವುದಿಲ್ಲ. ನಾಟಿಯ ಮಿಷಿನು ತಂದರೆ ನಮ್ಮ ಕೆಳಗಿನ ಎರಡು ಗದ್ದೆಗಳ ಕಂಪದಲ್ಲಿ ಅದು ಹೂತುಹೋಗುತ್ತದೆ. ಒಮ್ಮೆ ಹೂತು, ಎಳೆಯಲು ಇನ್ನೊಂದು ಟ್ರಾಕ್ಟರು ಬಂದು ಅದೂ ಹೂತು, ಇಡೀ ಊರಿಗೆ ಒಂದು ದಿನದ ಮನರಂಜನೆ ಆಗಿತ್ತು. ನವಿಲು ಮತ್ತು ಹಂದಿಗಳ ಪಾಲು ಕಳೆದು, ಉಳುಮೆ, ಗೊಬ್ಬರ, ಕಟಾವಿನ ಖರ್ಚು ಕಳೆದು ಅಪ್ಪನ ಡೈರಿಯಲ್ಲಿ ಕೊನೆಗೆ ಉಳಿಯುವುದು ಮನೆಯ ಊಟದ ಅಕ್ಕಿ ಮತ್ತು ದನಗಳಿಗೆ ಬೈಹುಲ್ಲು. ಕೆಲವು ವರ್ಷ ಕೈಯಿಂದಲೇ ಹೋಗಿದೆ. ಇಂತಹವರಿಗೆ ನೀವು ಪರಿಸರಕ್ಕಾಗಿ ಗದ್ದೆ ಇಟ್ಟುಕೊಳ್ಳಿ, ನಾವು ಬೆಂಗಳೂರಿನಲ್ಲಿ ಫ್ಲಾಟು ಕೊಳ್ಳುತ್ತೇವೆ ಎಂದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

ಇನ್ನೊಂದು ಆಕ್ಷೇಪವನ್ನೂ ಮುಚ್ಚಿಡುವುದಿಲ್ಲ. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಬರುತ್ತದೆ, ಹವಾಮಾನಕ್ಕೆ ಕೆಟ್ಟದ್ದು ಎಂದು ಕಾಮೆಂಟಿನಲ್ಲಿ ಯಾರಾದರೂ ಬರೆಯುವುದು ಖಂಡಿತ. ನಿಜ, ಬರುತ್ತದೆ. ನಡುನಡುವೆ ನೀರು ಬಸಿದು ಗದ್ದೆ ಸ್ವಲ್ಪ ಆರಲು ಬಿಟ್ಟರೆ ಅದು ಬಹಳ ಕಡಿಮೆಯಾಗುತ್ತದೆ, ಕಬ್ಬಿಣದ ಕಾಟವೂ ಇಳಿಯುತ್ತದೆ. ಅದಕ್ಕೆ ಬೇಕಾದ್ದು ಕೆಲಸ ಮಾಡುವ ಕಣಿಗಳು ಮತ್ತು ತೋಡು. ಹಡಿಲು ಬಿಟ್ಟು ಹುಲ್ಲು ಕೊಳೆಯುವ ಜೌಗಿನಿಂದಲೂ ಮೀಥೇನ್ ಬರುತ್ತದೆ, ಅದರಲ್ಲಿ ಅಕ್ಕಿಯೂ ಇಲ್ಲ.

ಹಾಗಾದರೆ ದಾರಿ ಏನು? ನನಗೆ ತೋಚಿದ್ದನ್ನು ಬರೆಯುತ್ತೇನೆ, ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

ಮೊದಲನೆಯದು ಕಾನೂನು. ನಮ್ಮ ಪಕ್ಕದ ಕಾಸರಗೋಡಿನಲ್ಲಿ, ಕನ್ನಡ ಮಾತಾಡುವ ನಮ್ಮದೇ ಜನರ ಗದ್ದೆಗಳಿಗೆ, 2008ರಿಂದ ಕೇರಳದ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಗದ್ದೆಗೆ ಸುಮ್ಮನೆ ಮಣ್ಣು ತುಂಬಿಸುವ ಹಾಗಿಲ್ಲ. ಆ ಕಾಯ್ದೆಯಲ್ಲಿ ತೂತುಗಳಿವೆ, 2018ರ ತಿದ್ದುಪಡಿಯಲ್ಲಿ ಅದು ಸಡಿಲವೂ ಆಯಿತು. ಆದರೂ ಅಲ್ಲಿ ಕೇಳುವವರಿದ್ದಾರೆ. ತಲಪಾಡಿಯ ಗಡಿ ದಾಟಿ ಈಚೆ ಬಂದರೆ ಅದೇ ಮಣ್ಣು, ಅದೇ ಮಳೆ, ಆದರೆ 1964ರ ಭೂಕಂದಾಯ ಕಾಯ್ದೆಯ ಕೆಳಗೆ ಕನ್ವರ್ಷನ್ ಮಾಡಿಸಿಕೊಂಡರೆ ಮುಗಿಯಿತು. ನಮ್ಮ ಆರ್‌ಟಿಸಿಯಲ್ಲಿ ತರಿ, ಖುಷ್ಕಿ, ಬಾಗಾಯ್ತು ಎಂದು ಬರೆದಿರುತ್ತದೆ. ತರಿ ಅಂದರೆ ನೀರಾವರಿಯ ಗದ್ದೆ, ಅಷ್ಟೇ. ಅದು ಬೈಲೋ ಮಜಲೋ ಎಂದು ಇಲ್ಲ. ಜಿಲ್ಲೆಯ ಬೈಲುಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ, ತೋಡಿನ ಅಗಲವನ್ನು ಬರೆದಿಟ್ಟು, ಬೆಟ್ಟಿನಲ್ಲಿ ಮನೆ ಕಟ್ಟಲು ಸುಲಭವಾಗಿ ಅನುಮತಿ ಕೊಡಿ, ಬೈಲಿನಲ್ಲಿ ಕೊಡಬೇಡಿ. ಉಪಗ್ರಹ ಚಿತ್ರ, ಎತ್ತರದ ನಕ್ಷೆ ಎಲ್ಲ ಇರುವ ಈ ಕಾಲದಲ್ಲಿ ಇದು ರಾಕೆಟ್ ವಿಜ್ಞಾನವಲ್ಲ.

ಎರಡನೆಯದು ದುಡ್ಡು. ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿ ರಾಯಧನ ಕೊಡುವ ಯೋಜನೆಯನ್ನು ಕೇರಳ ಸರಕಾರ 2020ರಲ್ಲಿ ಶುರು ಮಾಡಿತು. ಮೊತ್ತ ನೋಡಿದರೆ ನಗು ಬರುತ್ತದೆ, ಒಬ್ಬ ಆಳಿನ ಎರಡು ಮೂರು ದಿನದ ಸಂಬಳ. ಆದರೆ ಅದರ ಹಿಂದಿನ ಯೋಚನೆ ಸರಿ. ಬೈಲು ಅಕ್ಕಿ ಮಾತ್ರ ಕೊಡುವುದಲ್ಲ, ಕೆಳಗಿನ ಪೇಟೆಯನ್ನು ನೆರೆಯಿಂದ ಕಾಯುತ್ತದೆ, ಬಾವಿ ತುಂಬಿಸುತ್ತದೆ. ಆ ಕೆಲಸಕ್ಕೆ ಬಾಡಿಗೆ ಕೊಡಬೇಕಾದ್ದು ಪೇಟೆಯವರು, ಅಂದರೆ ನನ್ನಂಥವರು. ಒಂದು ನೆರೆಯ ನಂತರದ ಪರಿಹಾರಕ್ಕೆ ಹೋಗುವ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಮೊದಲೇ ಕೊಟ್ಟರೆ ಆಯಿತಲ್ಲ.

ಮೂರನೆಯದು ಒಟ್ಟಾಗುವುದು. 2021ರಲ್ಲಿ ಉಡುಪಿಯಲ್ಲಿ ಆಗಿನ ಶಾಸಕ ರಘುಪತಿ ಭಟ್ಟರ ಮುಂದಾಳತ್ವದಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದು, ಕೇದಾರೋತ್ಥಾನ ಟ್ರಸ್ಟಿನ ಮೂಲಕ ಸಾವಿರಕ್ಕೂ ಹೆಚ್ಚು ಎಕರೆ ಹಡಿಲು ಗದ್ದೆಯಲ್ಲಿ ಭತ್ತ ಬೆಳೆದು 'ಉಡುಪಿ ಕೇದಾರ ಕಜೆ' ಎಂದು ಅಕ್ಕಿ ಮಾರಿದರು. ಕಾರ್ಕಳದಲ್ಲಿ 'ಕಾರ್ಲ ಕಜೆ' ಎಂಬ ಹೆಸರು ಹುಟ್ಟಿಕೊಂಡಿತು. ಫೋಟೋಕ್ಕೆ ಗದ್ದೆಗಿಳಿದವರು ಎಷ್ಟು ಜನ, ನಿಜವಾಗಿ ಇಳಿದವರು ಎಷ್ಟು ಎಂದು ನಾವೆಲ್ಲ ತಮಾಷೆ ಮಾಡಿದ್ದುಂಟು. ಆದರೆ ಅದರಿಂದ ಒಂದು ಸಂಗತಿ ಗೊತ್ತಾಯಿತು. ಒಂದು ಗದ್ದೆಯನ್ನು ಒಬ್ಬನೇ ಮಾಡುವುದು ಕಷ್ಟ, ಇಡೀ ಬೈಲನ್ನು ಒಟ್ಟಿಗೆ ಮಾಡಿದರೆ ಸಾಧ್ಯ. ತೋಡಿನ ಹೂಳು ತೆಗೆದದ್ದೇ ಅರ್ಧ ಕೆಲಸ. ಅಕ್ಕಿಗೆ ಊರಿನ ಹೆಸರು ಬಂದರೆ ಬೆಲೆಯೂ ಬರುತ್ತದೆ.

ನಾಲ್ಕನೆಯದು ನಮಗೆ, ಸೈಟು ಕೊಳ್ಳುವವರಿಗೆ. ಉಡುಪಿ, ಮಣಿಪಾಲದ ಸುತ್ತ ಜಾಗ ನೋಡುತ್ತಿದ್ದರೆ ಫೆಬ್ರವರಿಯಲ್ಲಿ ಹೋಗಿ ನೋಡಬೇಡಿ, ಜುಲೈಯಲ್ಲಿ ಹೋಗಿ. ಸೈಟಿನ ಅಂಚಿನಲ್ಲಿ ಒಂದು ಗುಂಡಿ ತೋಡಿಸಿ, ತುಂಬಿಸಿದ ಕೆಂಪು ಮಣ್ಣಿನ ಕೆಳಗೆ ಬೂದು ಮಣ್ಣು ಸಿಕ್ಕಿದರೆ ಅದು ಬೈಲು. ಆ ಅಂಟು ಮಣ್ಣು ವರ್ಷಗಟ್ಟಲೆ ಕುಸಿಯುತ್ತಾ ಇರುತ್ತದೆ, ಗೋಡೆ ಬಿರುಕು ಬಿಡುತ್ತದೆ. ನೀರಿನ ಮಟ್ಟ ಮೇಲೇ ಇರುವುದರಿಂದ ಮಳೆಗಾಲದಲ್ಲಿ ಕಕ್ಕಸಿನ ಗುಂಡಿ ಇಂಗುವುದಿಲ್ಲ, ಅದರ ನೀರು ಹೋಗುವುದು ಇಪ್ಪತ್ತು ಅಡಿ ದೂರದ ನಿಮ್ಮದೇ ಬಾವಿಗೆ. ಊರಿನ ಯಾವ ಅಜ್ಜಿಯನ್ನು ಕೇಳಿದರೂ ಆ ಜಾಗದ ಹಳೆಯ ಹೆಸರು ಹೇಳುತ್ತಾರೆ. ಹೆಸರಿನಲ್ಲಿ ಬೈಲು, ಕೆರೆ, ಪಳ್ಳ, ಕಂಬಳ ಇದ್ದರೆ ಕೈ ಮುಗಿದು ವಾಪಸು ಬನ್ನಿ.

ಈ ಶನಿವಾರ ಊರಿಗೆ ಹೋಗುತ್ತಿದ್ದೇನೆ. ಸಹಿ ಹಾಕುವುದಿಲ್ಲ ಎಂದು ಹೇಳಲು. ಆದರೆ ಬರೀ 'ಇಲ್ಲ' ಎಂದು ಹೇಳಿ ರಾತ್ರಿ ಬಸ್ಸು ಹತ್ತಿದರೆ ಅಪ್ಪನ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಗುವುದಿಲ್ಲ. ಅದಕ್ಕೇ ಇನ್ನೊಂದು ಮಾತು ಹೇಳಬೇಕೆಂದಿದ್ದೇನೆ. ದೊಡ್ಡಪ್ಪನಿಗೆ ದುಡ್ಡಿನ ಅಗತ್ಯ ನಿಜವಾಗಿ ಇದೆ, ಅಣ್ಣನ ಮಗಳ ಕಾಲೇಜು, ಮನೆಯ ಸಾಲ. ಬೆಟ್ಟಿನಲ್ಲಿ ನಮ್ಮ ಪಾಲಿಗೆ ಬಂದ ಮೂವತ್ತು ಸೆಂಟ್ಸು ಇದೆ, ರಸ್ತೆಗೆ ತಾಗಿಕೊಂಡು. ಮುಂದೆ ನಾನು ಮನೆ ಕಟ್ಟಿಕೊಳ್ಳಲಿ ಎಂದು ಅಪ್ಪ ಇಟ್ಟದ್ದು. ಅದನ್ನು ದೊಡ್ಡಪ್ಪನಿಗೆ ಬಿಟ್ಟುಕೊಡುವುದು, ಅವರು ಮಾರಲಿ. ಬೈಲಿನಲ್ಲಿ ಅವರ ಪಾಲು ನಮಗೆ. ಉಳುಮೆ, ನಾಟಿಯ ಖರ್ಚು ನನ್ನದು, ಈಗ ಗದ್ದೆ ನೋಡಿಕೊಳ್ಳುತ್ತಿರುವ ಅಣ್ಣನೊಂದಿಗೆ ಪಾಲು. ಆ ಗುಡ್ಡದ ಅಂಚಿನ ಕಣಿಯನ್ನು ಮಾತ್ರ ಈ ವರ್ಷ ನಾನೇ ಹಾರೆ ಹಿಡಿದು ಬಿಡಿಸಬೇಕು ಅಂತ ಇದ್ದೇನೆ. ಎರಡು ಗಂಟೆಯಲ್ಲಿ ಬೆನ್ನು ಹಿಡಿದುಕೊಂಡು ಕೂರುತ್ತೇನೆ ಎಂದು ಅಮ್ಮ ಈಗಲೇ ನಗುತ್ತಿದ್ದಾರೆ.

ದೊಡ್ಡಪ್ಪ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಬೆಟ್ಟಿನ ಜಾಗಕ್ಕೆ ಬೈಲಿನಷ್ಟು ವಿಸ್ತಾರವಿಲ್ಲ, ಲೆಕ್ಕದಲ್ಲಿ ಅವರಿಗೆ ಸ್ವಲ್ಪ ಕಡಿಮೆಯೇ ಆಗಬಹುದು. ಆ ವ್ಯತ್ಯಾಸವನ್ನು ನನ್ನ ಸಂಬಳದಿಂದ ಕಂತಿನಲ್ಲಿ ತುಂಬಿಸಬೇಕು. ಮಣ್ಣು ತುಂಬಿಸುವುದಕ್ಕಿಂತ ಅದು ವಾಸಿ.

ನಿಮ್ಮ ಊರಿನ ಬೈಲುಗಳ ಕತೆ ಏನು? ಶಿರಸಿ, ಕುಮಟಾ, ಪುತ್ತೂರು, ಕಾಸರಗೋಡಿನ ಗೆಳೆಯರು ಬರೆಯಿರಿ. ತಗ್ಗಿನ ಗದ್ದೆಯಲ್ಲಿ ಮಿಷಿನು ಹೂಳದ ಹಾಗೆ ನಾಟಿ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಶನಿವಾರದ ಒಳಗೆ. ತುರ್ತಾಗಿ ಬೇಕು!